ಗುರಿ ಸರಿದಾಗ, ಸ್ಕ್ರೂ ಮುಟ್ಟುವ ಮುನ್ನ

ಪ್ರಯೋಗಾಲಯದಲ್ಲಿ ಮೊದಲ ಬಾರಿ ಸ್ಕ್ರೂ ಗೇಜ್ ಹಿಡಿದ ವಿದ್ಯಾರ್ಥಿಗೆ ನಾವೆಲ್ಲ ಹೇಳುವ ಮಾತು ಒಂದೇ: 'ಮೊದಲು ಶೂನ್ಯ ದೋಷ ನೋಡಿಕೋ'. ದವಡೆಗಳು ಕೂಡಿದಾಗ ಸೊನ್ನೆ ತೋರಿಸಬೇಕಾದ ಉಪಕರಣ ಮೂರು ಗೆರೆ ಹೆಚ್ಚು ತೋರಿಸಿದರೆ, ಆ ಮೂರನ್ನು ಕಳೆದರಾಯಿತು. ದೋಷ ಇದೆ; ಆದರೆ ಅದು ಇದ್ದಲ್ಲೇ ಇದೆ. ದೋಷವೇ ದಿನದಿಂದ ದಿನಕ್ಕೆ ಸ್ಥಳ ಬದಲಿಸುವ ಒಂದು ಉಪಕರಣವನ್ನು ಕೊಟ್ಟರೆ ಏನು ಮಾಡುತ್ತೀರಿ? ಗುರಿ ಅಭ್ಯಾಸದ ರೈಫಲ್ ಅಂಥದ್ದೊಂದು ಉಪಕರಣ. ಎನ್.ಸಿ.ಸಿ. ಇರುವ ಶಾಲೆ ಕಾಲೇಜುಗಳ ಅಧ್ಯಾಪಕರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ನಿನ್ನೆ ಹತ್ತರ ಸುತ್ತ ಬೀಳುತ್ತಿದ್ದ ಗುಂಡುಗಳು ಇಂದು ಒಟ್ಟಾಗಿ ಬಲಕ್ಕೋ ಕೆಳಕ್ಕೋ ಸರಿದು ಬೀಳುತ್ತವೆ. ರೈಫಲ್‌ನ 'ಜೀರೋ ಹೋಗಿದೆ' ಎನ್ನುತ್ತಾರೆ. ಹೋಗಿದ್ದು ಎಲ್ಲಿಗೆ, ಏಕೆ ಎಂದು ಹುಡುಕುವುದು ಒಳ್ಳೆಯ ಭೌತವಿಜ್ಞಾನದ ಪಾಠ. ನಾನು ಆ ಪಾಠವನ್ನು ತಡವಾಗಿ ಕಲಿತೆ.

ಕೆಲವು ವರ್ಷಗಳ ಹಿಂದಿನ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕೆಲವು ಪ್ರೌಢಶಾಲೆಗಳ ಮಕ್ಕಳಿಗೆ ಏರ್ ರೈಫಲ್ ಅಭ್ಯಾಸ ಮಾಡಿಸುವ ಹೊಣೆ ನನ್ನ ಮೇಲಿತ್ತು. ಗುರಿಯ ದೂರ 10 ಮೀಟರ್. ಕೋಟೆ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜೂನ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದಿದ್ದಳು. ಮಳೆಗಾಲದಲ್ಲಿ ರೈಫಲ್ ಬೀರುವಿನಲ್ಲಿತ್ತು. ಡಿಸೆಂಬರ್‌ನಲ್ಲಿ ತಂಡದ ಆಯ್ಕೆಗೆಂದು ಮತ್ತೆ ತೆಗೆದಾಗ ಆಕೆಯ ಗುಂಡುಗಳು ದಿಕ್ಕು ತಪ್ಪಿದವು. ಒಂದು ಗುಂಡು ಬಲಕ್ಕೆ ಹೋಯಿತು, ನಾನು ಸೈಟನ್ನು ಎಡಕ್ಕೆ ತಿರುಗಿಸಿದೆ. ಮುಂದಿನದು ಎಡಕ್ಕೆ ಹೋಯಿತು, ಬಲಕ್ಕೆ ತಿರುಗಿಸಿದೆ. ಹೀಗೆ ಇಪ್ಪತ್ತು ಗುಂಡು. ಕೊನೆಗೆ ಕಾಗದದ ತುಂಬ ತೂತು. 'ಸಾರ್, ಮೊದ್ಲು ಎಲ್ಲಾ ಕಡೆ ಬೀಳ್ತಿರ್ಲಿಲ್ಲ, ಎರಡೇ ಜಾಗದಲ್ಲಿ ಬೀಳ್ತಾ ಇತ್ತು' ಎಂದಳು. ಹುಡುಗಿಗೆ ಕೈ ನಡುಕ ಬಂದಿದೆ ಎಂದುಕೊಂಡೆ. ತಂಡದ ಪಟ್ಟಿಯಲ್ಲಿ ಆಕೆಯ ಹೆಸರು ಬರೆಯಲಿಲ್ಲ.

ಆಕೆ ಹೇಳಿದ್ದು ಸರಿಯಾಗಿತ್ತು. ಅದು ಹೇಗೆಂದು ನೋಡಲು ಮೊದಲು 'ಜೀರೋ' ಎಂದರೇನೆಂದು ತಿಳಿದಿರಬೇಕು.

ಎರಡು ಗೆರೆಗಳು, ಒಂದು ಒಪ್ಪಂದ

ಕಣ್ಣಿನಿಂದ ಹಿಂಬದಿಯ ಸೈಟ್, ಮುಂಬದಿಯ ಸೈಟ್‌ಗಳ ಮೂಲಕ ಗುರಿಯವರೆಗೆ ಹೋಗುವ ಗೆರೆ ನೋಟದ ಗೆರೆ. ನಳಿಕೆಯ ನಡುವಿನಿಂದ ನೇರ ಹೊರಡುವ ಗೆರೆ ಇನ್ನೊಂದು. ನಳಿಕೆ ಸೈಟ್‌ಗಿಂತ ಕೆಳಗಿರುವುದರಿಂದ ಈ ಎರಡು ಗೆರೆಗಳು ಬೇರೆ ಬೇರೆ ಜಾಗದಲ್ಲಿ ಹುಟ್ಟುತ್ತವೆ. ಅಷ್ಟೇ ಅಲ್ಲ, ನಳಿಕೆ ಬಿಟ್ಟ ಕ್ಷಣದಿಂದಲೇ ಗುಂಡು ಬೀಳತೊಡಗುತ್ತದೆ. ಏರ್ ರೈಫಲ್‌ನ 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆಂದು ಇಟ್ಟುಕೊಳ್ಳಿ. 10 ಮೀಟರ್ ದಾಟಲು 0.059 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಬೀಳುವ ದೂರವನ್ನು ಹತ್ತನೇ ತರಗತಿಯ ಸೂತ್ರದಿಂದಲೇ ತೆಗೆಯಬಹುದು: ಅರ್ಧ ಗುಣಿಸು 9.8 ಗುಣಿಸು ಕಾಲದ ವರ್ಗ. ಉತ್ತರ ಸುಮಾರು 17 ಮಿಲಿಮೀಟರ್. ಆದ್ದರಿಂದ ನಳಿಕೆಯ ಗೆರೆ ಗುರಿಯ ಬಳಿ 17 ಮಿಲಿಮೀಟರ್ ಮೇಲಕ್ಕೆ ನೋಡುತ್ತಿರಬೇಕು. ಬಿದ್ದ ಪೆಲೆಟ್ ಆಗ ನೋಟದ ಗೆರೆಯನ್ನು ಸರಿಯಾಗಿ ಗುರಿಯಲ್ಲಿ ಕೂಡುತ್ತದೆ. ಈ ಕೂಡುವಿಕೆಯೇ ಜೀರೋ.

ಹೀಗೆ ನೋಡಿದರೆ ಜೀರೋ ಎಂಬುದು ರೈಫಲ್‌ನೊಳಗೆ ಎಲ್ಲೋ ಇರುವ ಗುಣವಲ್ಲ ಎಂದು ತಿಳಿಯುತ್ತದೆ. ಸೈಟ್, ನಳಿಕೆ, ಪೆಲೆಟ್‌ನ ವೇಗ, ದೂರ, ಹಿಡಿದವರ ಕೆನ್ನೆ ಮತ್ತು ಕಣ್ಣು, ಇಷ್ಟರ ನಡುವಿನ ಒಪ್ಪಂದ ಅದು. ಯಾವ ಒಬ್ಬ ಪಾಲುದಾರ ಬದಲಾದರೂ ಒಪ್ಪಂದ ಮುರಿಯುತ್ತದೆ.

ಎಷ್ಟು ಬದಲಾದರೆ? 10 ಮೀಟರ್‌ನಲ್ಲಿ 1 ಮಿಲಿಮೀಟರ್ ಎಂದರೆ ಹತ್ತು ಸಾವಿರದಲ್ಲಿ ಒಂದು ಭಾಗದ ಕೋನ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ, ಹಿಂಬದಿಯ ಸೈಟ್ 0.05 ಮಿಲಿಮೀಟರ್ ಅಲುಗಿದರೆ ಸಾಕು, ಗುಂಡು 1 ಮಿಲಿಮೀಟರ್ ಸರಿಯುತ್ತದೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು. ಅಂತರರಾಷ್ಟ್ರೀಯ 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸವೇ ಅರ್ಧ ಮಿಲಿಮೀಟರ್. ಅಲ್ಲಿಂದ ಹೊರಕ್ಕೆ ಪ್ರತಿ 2.5 ಮಿಲಿಮೀಟರ್‌ಗೆ ಒಂದು ಅಂಕ ಕಡಿಮೆ. ಕೂದಲೆಳೆಯ ಅಂತರ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಸರಿದದ್ದೋ, ಚದುರಿದ್ದೋ?

ಗುಂಡು ಬಲಕ್ಕೆ ಬಿದ್ದ ಮಾತ್ರಕ್ಕೆ ಜೀರೋ ಸರಿದಿದೆ ಎನ್ನಲಾಗದು. ಅದೇ ರೈಫಲ್, ಅದೇ ಕೈ, ಅದೇ ಪೆಲೆಟ್ ಡಬ್ಬಿ ಇದ್ದರೂ ಗುಂಡುಗಳು ಒಂದೇ ತೂತಿನಲ್ಲಿ ಹೋಗುವುದಿಲ್ಲ. ಪಠ್ಯಪುಸ್ತಕದ ಭಾಷೆಯಲ್ಲಿ ಚದುರುವುದು ಯಾದೃಚ್ಛಿಕ ದೋಷ, ಒಟ್ಟಾಗಿ ಸರಿಯುವುದು ವ್ಯವಸ್ಥಿತ ದೋಷ. ಸೈಟ್‌ನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದಾದದ್ದು ಎರಡನೆಯದನ್ನು ಮಾತ್ರ.

ಒಂದು ಲೆಕ್ಕ ಮಾಡೋಣ. ಜೂನ್‌ನಲ್ಲಿ ಐದು ಗುಂಡುಗಳು ನಡುಗೆರೆಯಿಂದ ಅಡ್ಡಲಾಗಿ +3, −6, 0, +6, −3 ಮಿಲಿಮೀಟರ್ ದೂರದಲ್ಲಿ ಬಿದ್ದವು ಎನ್ನಿ. ಬಲಕ್ಕೆ ಧನ, ಎಡಕ್ಕೆ ಋಣ. ಸರಾಸರಿ ಸೊನ್ನೆ. ಡಿಸೆಂಬರ್‌ನಲ್ಲಿ +6, −3, +9, +3, 0. ಸರಾಸರಿ +3. ರೈಫಲ್ 3 ಮಿಲಿಮೀಟರ್ ಬಲಕ್ಕೆ ಸರಿಯಿತೆ? ಎರಡು ಗುಂಪುಗಳಲ್ಲೂ ಮಾನಕ ವಿಚಲನೆ ಸುಮಾರು 4.7 ಮಿಲಿಮೀಟರ್. ಐದೈದು ಗುಂಡುಗಳ ಎರಡು ಸರಾಸರಿಗಳ ವ್ಯತ್ಯಾಸದಲ್ಲಿ ಇರುವ ಅನಿಶ್ಚಿತತೆ, 4.7ನ್ನು ಐದನೇ ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ 3 ಮಿಲಿಮೀಟರ್. ಕಂಡ ವ್ಯತ್ಯಾಸವೂ ಅಷ್ಟೇ, ಅನಿಶ್ಚಿತತೆಯೂ ಅಷ್ಟೇ. ಈ ಐದು ಗುಂಡುಗಳನ್ನು ನಂಬಿ ಸ್ಕ್ರೂ ಮುಟ್ಟಬಾರದು. ಎರಡು ಸಲವೂ ಇಪ್ಪತ್ತಿಪ್ಪತ್ತು ಗುಂಡು ಹೊಡೆದು ಅದೇ 3 ಮಿಲಿಮೀಟರ್ ಬಂದಿದ್ದರೆ ಅನಿಶ್ಚಿತತೆ 1.5ಕ್ಕೆ ಇಳಿಯುತ್ತಿತ್ತು, ಆಗ ಅನುಮಾನ ಪಡಲು ಕಾರಣವಿರುತ್ತಿತ್ತು.

ಒಂದೊಂದು ಗುಂಡಿನ ಬೆನ್ನು ಹತ್ತಿ ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ? ನಾನು ಮಾಡಿದ್ದು ಇದನ್ನೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಕಾರ್ಖಾನೆಗಳ ಜನರಿಗೆ ಒಂದು ಆಲಿಕೆಯ ಪ್ರಯೋಗ ತೋರಿಸುತ್ತಿದ್ದರು. ಆಲಿಕೆಯ ಮೂಲಕ ಗೋಲಿಯನ್ನು ಗುರುತಿನ ಮೇಲೆ ಬೀಳಿಸಬೇಕು. ಆಲಿಕೆಯನ್ನು ಕದಲಿಸದೆ ಬೀಳಿಸುತ್ತ ಹೋದರೆ ಗೋಲಿಗಳು ಗುರುತಿನ ಸುತ್ತ ಒಂದು ಅಳತೆಗೆ ಹರಡುತ್ತವೆ. ಪ್ರತಿ ಸಲವೂ ಗೋಲಿ ತಪ್ಪಿದಷ್ಟು ದೂರ ಆಲಿಕೆಯನ್ನು ವಿರುದ್ಧ ದಿಕ್ಕಿಗೆ ಸರಿಸಿದರೆ ಹರಡು ಕಡಿಮೆಯಾಗಬೇಕಲ್ಲವೆ? ಆಗುವುದಿಲ್ಲ, ಹೆಚ್ಚುತ್ತದೆ. ಏಕೆಂದರೆ ಹಿಂದಿನ ಗೋಲಿಯ ಆಕಸ್ಮಿಕ ತಪ್ಪು ಈಗ ಆಲಿಕೆಯ ಸ್ಥಾನದಲ್ಲಿ ಕೂತಿದೆ; ಅದರ ಮೇಲೆ ಹೊಸ ಗೋಲಿಯ ಆಕಸ್ಮಿಕ ತಪ್ಪು ಸೇರುತ್ತದೆ. ಸ್ವತಂತ್ರವಾದ ಎರಡು ತಪ್ಪುಗಳು ಸೇರಿದಾಗ ಅವುಗಳ ವಿಚಲನೆಯ ವರ್ಗಗಳು ಕೂಡುತ್ತವೆ. ಹರಡು 2ರ ವರ್ಗಮೂಲದಷ್ಟು, ಅಂದರೆ 1.4 ಪಟ್ಟು ಆಗುತ್ತದೆ. ಏನೂ ಮಾಡದೆ ಸುಮ್ಮನಿದ್ದವನಿಗಿಂತ ಶ್ರದ್ಧೆಯಿಂದ ತಿದ್ದುತ್ತ ಹೋದವನ ಫಲಿತಾಂಶ ಕೆಟ್ಟದ್ದು! ಆ ಹುಡುಗಿಯ ಕಾಗದದ ಮೇಲೆ ಕಂಡ 'ಕೈ ನಡುಕ'ದಲ್ಲಿ ಒಂದು ಪಾಲು ನನ್ನ ಸ್ಕ್ರೂಡ್ರೈವರ್‌ನದು.

ಕಾಗದ ಹೇಳುವ ಕತೆ

ಸೈಟನ್ನು ಮುಟ್ಟದೆ ಹತ್ತು ಗುಂಡು ಹೊಡೆಸಿ, ಪ್ರತಿ ತೂತಿಗೂ ಕ್ರಮಸಂಖ್ಯೆ ಬರೆದರೆ ಕಾಗದವೇ ಅರ್ಧ ಉತ್ತರ ಹೇಳುತ್ತದೆ. ಗುಂಪು ಮೊದಲಿನಷ್ಟೇ ಚಿಕ್ಕದಾಗಿದ್ದು ಇಡಿಯಾಗಿ ಬೇರೆಡೆ ಕೂತಿದ್ದರೆ, ನಿಜವಾಗಿ ಏನೋ ಸರಿದು ಹೊಸ ಜಾಗದಲ್ಲಿ ಗಟ್ಟಿಯಾಗಿ ನಿಂತಿದೆ. ಸೈಟ್‌ಗೆ ಪೆಟ್ಟು ಬಿದ್ದಿರಬಹುದು, ಪೆಲೆಟ್‌ನ ತಯಾರಿ ಬದಲಾಗಿರಬಹುದು. 1, 2, 3 ಎಂದು ತೂತುಗಳು ಒಂದೇ ದಿಕ್ಕಿಗೆ ಮೆಲ್ಲಗೆ ನಡೆಯುತ್ತ ಹೋಗಿದ್ದರೆ ಬಿಸಿಯನ್ನೋ, ಕಡಿಮೆಯಾಗುತ್ತಿರುವ ಗಾಳಿಯ ಒತ್ತಡವನ್ನೋ, ದಣಿವನ್ನೋ ಅನುಮಾನಿಸಬೇಕು. ನಡು ಅಲ್ಲೇ ಇದ್ದು ಹರಡು ಮಾತ್ರ ದೊಡ್ಡದಾಗಿದ್ದರೆ ಅದು ಜೀರೋದ ಸಮಸ್ಯೆಯೇ ಅಲ್ಲ. ತೂತುಗಳು ಎರಡು ಗುಂಪಾಗಿ ಒಡೆದಿದ್ದರೆ? ರೈಫಲ್‌ನಲ್ಲಿ ಯಾವುದೋ ಒಂದು ಭಾಗಕ್ಕೆ ಕೂರಲು ಎರಡು ಜಾಗಗಳಿವೆ ಎಂದರ್ಥ. ಪ್ರತಿ ಹೊಡೆತಕ್ಕೂ ಅದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೂರುತ್ತದೆ. ಎಲ್ಲೋ ಸಡಿಲವಿದೆ.

'ಎರಡೇ ಜಾಗದಲ್ಲಿ ಬೀಳ್ತಾ ಇತ್ತು' ಎಂಬ ಮಾತು ನನಗೆ ಜನವರಿಯಲ್ಲಿ ನೆನಪಾಯಿತು. ಕುಶಾಲನಗರದ ಕಡೆಯ ನಿವೃತ್ತ ಸೈನಿಕರೊಬ್ಬರು ಬಂದಿದ್ದರು. ಅವರು ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡಿದರು. ಸೈಟ್ ಕಡೆ ತಿರುಗಿಯೂ ನೋಡಲಿಲ್ಲ. ಲೋಹದ ಭಾಗವನ್ನು ಮರದ ಸ್ಟಾಕ್‌ಗೆ ಹಿಡಿದಿಡುವ ಸ್ಕ್ರೂಗಳ ಮೇಲೆ ಸ್ಕ್ರೂಡ್ರೈವರ್ ಇಟ್ಟರು. ಮುಂದಿನ ಸ್ಕ್ರೂ ಹೆಚ್ಚುಕಡಿಮೆ ಒಂದು ಸುತ್ತು ತಿರುಗಿತು.

ನಮ್ಮದು ನಳಿಕೆ ಬಗ್ಗಿಸಿ ಸ್ಪ್ರಿಂಗ್ ಬಿಗಿಯುವ ಮಾದರಿ. ಅದರಲ್ಲಿ ಟ್ರಿಗರ್ ಎಳೆದಾಗ ಭಾರವಾದ ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ. ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ಇಡೀ ರೈಫಲ್ ಅದುರುತ್ತದೆ. ಸ್ಟಾಕ್ ಬಿಗಿಯಾಗಿದ್ದರೆ ಆ ಅದುರು ಪ್ರತಿ ಸಲವೂ ಒಂದೇ ರೀತಿ ಇರುತ್ತದೆ, ಸೈಟ್‌ನ ಹೊಂದಾಣಿಕೆಯಲ್ಲಿ ಅದೂ ಸೇರಿಹೋಗಿರುತ್ತದೆ. ಸಡಿಲವಾದರೆ ಅದುರು ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತದೆ.

ಜೂನ್‌ನಲ್ಲಿ ಬಿಗಿಯಾಗಿದ್ದ ಸ್ಕ್ರೂ ಬೀರುವಿನಲ್ಲಿ ಕೂತಲ್ಲೇ ಹೇಗೆ ಸಡಿಲವಾಯಿತು? ಈ ಪ್ರಶ್ನೆಗೆ ಉತ್ತರ ನಮ್ಮ ಭಾಗದ ಹೊಗೆಸೊಪ್ಪಿನ ರೈತರಿಗೆ ಚೆನ್ನಾಗಿ ಗೊತ್ತು. ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪು ಹೊರತೆಗೆಯುವಾಗ ಹಪ್ಪಳದಂತೆ ಪುಡಿಯಾಗುತ್ತದೆ. ಅದಕ್ಕೇ ಬಾಗಿಲು ತೆರೆದು ರಾತ್ರಿಯ ತೇವ ಕುಡಿಯಲು ಬಿಡುತ್ತಾರೆ. ಹದಕ್ಕೆ ಬಂದ ಸೊಪ್ಪು ಬಟ್ಟೆಯಂತೆ ಮಡಿಚಿಕೊಳ್ಳುತ್ತದೆ. ಸೊಪ್ಪಿನಂತೆ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 50 ಇದ್ದಾಗ ಮರದಲ್ಲಿ ಅದರ ಒಣತೂಕದ ನೂರಕ್ಕೆ ಸುಮಾರು 9ರಷ್ಟು ನೀರಿರುತ್ತದೆ. ಆರ್ದ್ರತೆ 90 ಆದರೆ ಸುಮಾರು 20ರಷ್ಟು. ಈ ನೀರಿಗೆ ಮರ ಎಳೆಯ ಉದ್ದಕ್ಕೆ ಉಬ್ಬುವುದು ಬಹಳ ಕಡಿಮೆ, ಎಳೆಗೆ ಅಡ್ಡಲಾಗಿ ಉಬ್ಬುವುದು ಎಷ್ಟೋ ಪಟ್ಟು ಹೆಚ್ಚು. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದನ್ನು ನೋಡಿಲ್ಲವೆ, ಅದೇ ಇದು. ಸ್ಟಾಕ್‌ನ ಸ್ಕ್ರೂಗಳು ಮರದ ಎಳೆಗೆ ಅಡ್ಡಲಾಗಿಯೇ ಹೋಗಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಮರ ಉಬ್ಬಲು ಹೋದಾಗ ಉಕ್ಕಿನ ಸ್ಕ್ರೂ ಜಗ್ಗುವುದಿಲ್ಲ. ಸ್ಕ್ರೂ ತಲೆಯ ಅಡಿಯ ಮರದ ನಾರುಗಳೇ ಜಜ್ಜಿಹೋಗುತ್ತವೆ. ಡಿಸೆಂಬರ್‌ನ ಒಣಗಾಳಿಗೆ ಮರ ಕುಗ್ಗುತ್ತದೆ, ಆದರೆ ಜಜ್ಜಿದ ನಾರು ಮತ್ತೆ ಎದ್ದು ನಿಲ್ಲುವುದಿಲ್ಲ. ಸ್ಕ್ರೂವಿನ ಹಿಡಿತಕ್ಕೆ ಸಿಕ್ಕ ಮರ ಈಗ ಜೂನ್‌ಗಿಂತ ತೆಳ್ಳಗೆ. ಯಾರೂ ಮುಟ್ಟದೆ ಸ್ಕ್ರೂ ಸಡಿಲವಾಗಿದೆ.

ಪಿರಿಯಾಪಟ್ಟಣ ದಾಟಿದರೆ ಸಿಗುವ ಕೊಡಗಿನಲ್ಲಿ, ನಾಟಿ ಕೆಲಸ ಮುಗಿಸಿ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಕೃಷಿಯ ದಿನಗಳಲ್ಲಿ ಎತ್ತಿಟ್ಟ ಕೋವಿಗಳನ್ನು ಹೊರತೆಗೆದು, ತೋಕ್‌ಪೂ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ ನಡೆಸುತ್ತಾರೆ. ಕೊಡಗಿನ ಮಳೆಯನ್ನು ಮೂಲೆಯಲ್ಲಿ ಕೂತು ಕುಡಿದ ಮರದ ಹಿಡಿಗಳು ಅವು. ಮೊದಲ ಗುಂಡು ತಪ್ಪಿದವರು ಮರದ ಮೇಲೂ ಸ್ವಲ್ಪ ಅನುಮಾನ ಪಡಬಹುದು.

ಬಿಸಿಲು, ವೇಗ, ಓರೆ

.22 ರೈಫಲ್‌ನಲ್ಲಿ ಮರದ ಉಬ್ಬು ಇನ್ನೊಂದು ದಾರಿಯಿಂದ ತೊಂದರೆ ಕೊಡುತ್ತದೆ. ಸ್ಟಾಕ್‌ನ ಮುಂಭಾಗ ಬಾಗಿ ನಳಿಕೆಯನ್ನು ಒಂದು ಪಕ್ಕದಿಂದ ಒತ್ತುತ್ತದೆ. ಗುರಿ ಸ್ಪರ್ಧೆಯ ಅನೇಕ ರೈಫಲ್‌ಗಳಲ್ಲಿ ಇದಕ್ಕಾಗಿಯೇ ನಳಿಕೆ ಮತ್ತು ಮರದ ನಡುವೆ ಜಾಗ ಬಿಟ್ಟಿರುತ್ತಾರೆ. ಅಂಥ ರೈಫಲ್‌ನಲ್ಲಿ ಆ ಸಂದಿಗೆ ಒಂದು ಹಾಳೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಹಿಡಿಯುತ್ತದೋ ಅಲ್ಲಿ ಮರ ತಾಗಿದೆ.

ಬಿಸಿಲಿನದು ಸೂಕ್ಷ್ಮ ಕೆಲಸ. ಉಕ್ಕಿನ ವ್ಯಾಕೋಚನ ಗುಣಾಂಕ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ. ಬಿಸಿಲು ನಳಿಕೆಯ ಒಂದೇ ಪಕ್ಕಕ್ಕೆ ಬಿದ್ದು ಆ ಪಕ್ಕ ಇನ್ನೊಂದಕ್ಕಿಂತ ಡಿಗ್ರಿಯ ಹತ್ತನೇ ಒಂದರಷ್ಟು ಮಾತ್ರ ಬೆಚ್ಚಗಾದರೂ, 60 ಸೆಂಟಿಮೀಟರ್ ಉದ್ದ, 22 ಮಿಲಿಮೀಟರ್ ದಪ್ಪದ ನಳಿಕೆ ನೆರಳಿನ ಕಡೆಗೆ ಬಾಗುತ್ತದೆ. 50 ಮೀಟರ್ ದೂರದಲ್ಲಿ ಗುಂಡು ಸುಮಾರು 1.6 ಮಿಲಿಮೀಟರ್ ಸರಿಯಲು ಅಷ್ಟು ಸಾಕು. ಬೆಳಿಗ್ಗೆ ಹೊಂದಿಸಿದ ರೈಫಲ್ ಮಧ್ಯಾಹ್ನ ಮುನಿಸಿಕೊಂಡರೆ ಮೊದಲು ಅದನ್ನು ನೆರಳಿಗೆ ಒಯ್ಯಿರಿ.

ಮೇಲೆ ಕೆಳಗೆ ಸರಿಯುವ ಗುಂಡಿಗೆ ವೇಗದ ಬದಲಾವಣೆ ಸಾಮಾನ್ಯ ಕಾರಣ. ಪೆಲೆಟ್‌ನ ವೇಗ ನೂರಕ್ಕೆ 5ರಷ್ಟು ಇಳಿದರೆ, ಹಿಂದಿನ ಲೆಕ್ಕದ 17 ಮಿಲಿಮೀಟರ್ ಬೀಳುವಿಕೆ ಹತ್ತಿರ ಹತ್ತಿರ 19 ಆಗುತ್ತದೆ. ದಣಿದ ಸ್ಪ್ರಿಂಗ್, ಸವೆದ ವಾಷರ್, ಬೇರೆ ತೂಕದ ಪೆಲೆಟ್, ಸಿಲಿಂಡರ್ ಮಾದರಿಯಲ್ಲಿ ಒತ್ತಡ ಇಳಿಕೆ, ಎಲ್ಲವೂ ಇದನ್ನೇ ಮಾಡುತ್ತವೆ. .22 ಗುಂಡು 50 ಮೀಟರ್ ತಲುಪುವಷ್ಟರಲ್ಲಿ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಬೀಳುವುದರಿಂದ ಅಲ್ಲಿ ಪರಿಣಾಮ ಇನ್ನೂ ದೊಡ್ಡದು.

ಇನ್ನು ಓರೆ. ರೈಫಲ್‌ನ್ನು ಬಲಕ್ಕೆ ಓರೆ ಹಿಡಿದರೆ, ಗುರಿಯ ಬಳಿ ಮೇಲಕ್ಕೆ ನೋಡಬೇಕಿದ್ದ ನಳಿಕೆಯ ಗೆರೆ ಬಲಕ್ಕೆ ವಾಲುತ್ತದೆ. ಗುರುತ್ವ ಮಾತ್ರ ನೇರ ಕೆಳಕ್ಕೇ ಎಳೆಯುತ್ತದೆ. 10 ಡಿಗ್ರಿ ಓರೆಗೆ 17 ಗುಣಿಸು ಸೈನ್ 10, ಅಂದರೆ 3 ಮಿಲಿಮೀಟರ್ ಬಲಕ್ಕೆ. ಒಂದು ಅಂಕಕ್ಕಿಂತ ಹೆಚ್ಚು ಹೋಯಿತು. ಹೊಡೆಯುವವರಿಗೆ ತಾವು ಓರೆ ಹಿಡಿದದ್ದು ತಿಳಿಯುವುದಿಲ್ಲ. ಹಿಂದೆ ನಿಂತವರಿಗೆ ಕಾಣುತ್ತದೆ.

ಕೈಯೋ, ಕೋವಿಯೋ?

ಇಷ್ಟು ಕಾರಣಗಳಲ್ಲಿ ಯಾವುದೆಂದು ತಿಳಿಯಲು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪೆಲೆಟ್ ಡಬ್ಬಿಯನ್ನೂ ಸೈಟನ್ನೂ ಒಟ್ಟಿಗೆ ಬದಲಿಸಿ ಗುಂಡು ನಡುವಿಗೆ ಬಂದರೆ ನಿಮಗೆ ಸಂತೋಷವಾಗುತ್ತದೆ, ತಿಳಿವಳಿಕೆ ಬರುವುದಿಲ್ಲ. ವ್ಯಕ್ತಿಯನ್ನು ಬದಲಿಸುವುದು ಮಾತ್ರ ಬೇಗ ಮಾಡಬೇಕಾದ ಪರೀಕ್ಷೆ. ಇಬ್ಬರು ನುರಿತ ಮಕ್ಕಳು, ಎರಡು ರೈಫಲ್. ಅದಲು ಬದಲು ಮಾಡಿ ನಾಲ್ಕು ಕಾಗದ ತೆಗೆಯಿರಿ. ದೋಷ ರೈಫಲ್ ಜೊತೆ ಹೋಗುತ್ತದೆಯೋ ಮಗುವಿನ ಜೊತೆ ಹೋಗುತ್ತದೆಯೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಕೆನ್ನೆ ಇಡುವ ಜಾಗ ಬೇರೆಯಾದ್ದರಿಂದ ಇಬ್ಬರ ಜೀರೋದಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ದೋಷವೆಂದು ಎಣಿಸಬಾರದು. ನಾನು ಆ ಅರ್ಧ ಗಂಟೆಯನ್ನು ಕೊಡಲಿಲ್ಲ.

ರೈಫಲ್ ಚೆನ್ನಾಗಿದ್ದರೆ, ಹೊಡೆಯುವವರು ದೊಡ್ಡವರಾದರೆ ಇದೆಲ್ಲ ಬೇಡ ಎನ್ನುವಂತಿಲ್ಲ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುಂಚಿನ ಪರೀಕ್ಷಾ ಗುಂಡುಗಳಲ್ಲಿ ತಮ್ಮ ರೈಫಲ್‌ನ ಜೀರೋ ಬಹಳವಾಗಿ ಸರಿದಿದ್ದುದನ್ನು ಕಂಡೆನೆಂದು ಅಭಿನವ್ ಬಿಂದ್ರಾ ಆಮೇಲೆ ಹೇಳಿಕೊಂಡಿದ್ದಾರೆ. ಇದ್ದ ಕೆಲವೇ ನಿಮಿಷಗಳಲ್ಲಿ ಅವರು ಸೈಟನ್ನು ಮತ್ತೆ ಹೊಂದಿಸಿದರು. ಕೊನೆಯ ಗುಂಡಿಗೆ 10.8, ಒಟ್ಟು 700.5, ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ. ಒಂದೆರಡು ಗುಂಡಿನಲ್ಲೇ ಸೈಟ್ ತಿರುಗಿಸಿದರಲ್ಲ, ನಿಮ್ಮ ಇಪ್ಪತ್ತರ ಲೆಕ್ಕ ಎಲ್ಲಿ ಹೋಯಿತು ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಲಿ. ಅವರ ಗುಂಡುಗಳ ಸಹಜ ಹರಡು ಒಂದೆರಡು ಮಿಲಿಮೀಟರ್. ಕಂಡ ತಪ್ಪು ಅದರ ಎಷ್ಟೋ ಪಟ್ಟು. ಹರಡಿಗೆ ಹೋಲಿಸಿದರೆ ಸರಿತ ಅಷ್ಟು ದೊಡ್ಡದಾಗಿದ್ದಾಗ ಒಂದೆರಡು ಗುಂಡೂ ಸಾಕ್ಷಿಯೇ. ತನ್ನ ಹರಡು ಎಷ್ಟೆಂದು ಮೊದಲೇ ತಿಳಿದವರಿಗೆ ಮಾತ್ರ ಆ ಧೈರ್ಯ ಸಲ್ಲುತ್ತದೆ.

ಎಚ್ಚರಿಕೆಯ ಎರಡು ಮಾತು. ಏನನ್ನೇ ಪರೀಕ್ಷಿಸುವ ಮೊದಲು ರೈಫಲ್ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ನಳಿಕೆಯನ್ನು ಗುರಿಯ ಕಡೆಗೇ ಇಡಿ. ಶಾಲೆಯ ಅಧ್ಯಾಪಕರು ನೋಡಬಹುದಾದದ್ದು ಹೊರಗಿನ ಸ್ಕ್ರೂ, ಸೈಟ್, ಮರದ ಸಂದಿ, ಪೆಲೆಟ್ ಇಷ್ಟೇ. ಟ್ರಿಗರ್ ಭಾಗವನ್ನೂ ಸ್ಪ್ರಿಂಗನ್ನೂ ಬಿಚ್ಚುವುದು ಶಸ್ತ್ರ ರಿಪೇರಿ ಕಲಿತವರ ಕೆಲಸ. ಎನ್.ಸಿ.ಸಿ.ಯ ರೈಫಲ್ ಆದರೆ ಅದು ಬೆಟಾಲಿಯನ್‌ಗೇ ಹೋಗಬೇಕು. ಸ್ಟಾಕ್ ಸ್ಕ್ರೂವನ್ನು ಸಿಕ್ಕಷ್ಟು ಬಲ ಹಾಕಿ ಬಿಗಿಯಲೂ ಬಾರದು, ನಾರು ಮತ್ತೆ ಜಜ್ಜುತ್ತದೆ. ಬಿಗಿದ ಮೇಲೆ ಸ್ಕ್ರೂ ತಲೆಯ ಸೀಳು ಯಾವ ದಿಕ್ಕಿಗಿದೆಯೆಂದು ಮರದ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ. ಮುಂದಿನ ಸಲ ನೋಡಿದ ಕೂಡಲೇ ತಿಳಿಯುತ್ತದೆ.

ಜನವರಿಯಲ್ಲಿ ಸ್ಕ್ರೂ ಬಿಗಿದು, ಸೈಟನ್ನು ಜೂನ್‌ನ ಗುರುತಿಗೆ ತಂದು, ಆ ಹುಡುಗಿಯನ್ನು ಕರೆಸಿ ಹತ್ತು ಗುಂಡು ಹೊಡೆಸಿದೆವು. ಒಂದೇ ಗುಂಪು. ನಡುವಿನಿಂದ 2 ಮಿಲಿಮೀಟರ್‌ನಷ್ಟು ಕೆಳಗೆ ಕೂತಿತ್ತು. ಸ್ಪ್ರಿಂಗ್ ಕಾರಣವೋ, ಹತ್ತೇ ಗುಂಡಿನ ಆಕಸ್ಮಿಕವೋ, ಹೇಳುವಷ್ಟು ಸಾಕ್ಷಿ ಇರಲಿಲ್ಲ, ಹಾಗೆಯೇ ಬಿಟ್ಟೆವು. ತಂಡ ಆ ಹೊತ್ತಿಗೆ ಹೋಗಿ ಬಂದಾಗಿತ್ತು. ಕಾಗದವನ್ನು ಆಕೆ ಕೇಳಿ ತೆಗೆದುಕೊಂಡು ಹೋದಳು.

ರೈಫಲ್ ಇಲ್ಲದ ಶಾಲೆಗಳಲ್ಲಿ ಡೆಮಿಂಗ್ ಪ್ರಯೋಗವನ್ನು ಮಾಡಿ ನೋಡಬಹುದು. ಬೇಕಾದದ್ದು ಒಂದು ಆಲಿಕೆ, ಗೋಲಿ, ಸ್ಟ್ಯಾಂಡು, ಕಾರ್ಬನ್ ಹಾಳೆ ಮತ್ತು ಎರಡು ಬಿಳಿ ಹಾಳೆ. ಆಲಿಕೆಯನ್ನು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿಟ್ಟು, ಬಿಳಿ ಹಾಳೆಯ ಮೇಲೆ ಕಾರ್ಬನ್ ಹಾಳೆ ಹರಡಿ, ಮೊದಲ ಹಾಳೆಗೆ ಆಲಿಕೆ ಕದಲಿಸದೆ ಐವತ್ತು ಸಲ ಗೋಲಿ ಬಿಡಿ. ಎರಡನೆಯದಕ್ಕೆ ಪ್ರತಿ ಸಲವೂ ಗುರುತು ನೋಡಿ, ತಪ್ಪಿದಷ್ಟು ದೂರ ಆಲಿಕೆಯನ್ನು ವಿರುದ್ಧ ದಿಕ್ಕಿಗೆ ಸರಿಸುತ್ತ ಐವತ್ತು ಸಲ. ಎರಡನೆಯ ಹಾಳೆಯನ್ನು ತರಗತಿಯ ಅತ್ಯಂತ ಶ್ರದ್ಧೆಯ ವಿದ್ಯಾರ್ಥಿಗೇ ವಹಿಸಿ. ಆಮೇಲೆ ಎರಡೂ ಹಾಳೆಗಳ ಚುಕ್ಕೆಗಳ ಮಾನಕ ವಿಚಲನೆ ತೆಗೆದು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 1.4ರ ಆಸುಪಾಸು ಬರಬೇಕು.